ಫ್ಯಾನಿನ ಸದ್ದಿನ ಹಿಂದೆ ಅಜ್ಜನ ದನಿ

ಪ್ರೀತಿಯ ತಮ್ಮ,

ಮುಂಬಯಿಯ ಮಾಟುಂಗಾದ ಅಜ್ಜನ ಜೊತೆ ಪಾಡ್‌ಕಾಸ್ಟಿಗೆಂದು ನೀನು ಮಾಡಿದ ಸಂದರ್ಶನವನ್ನು ಪೂರ್ತಿ ಕೇಳಿದೆ. ಅವರ ಮಾತು ಬಾವಿಯೊಳಗಿಂದ ಬಂದ ಹಾಗಿದೆ, ಫ್ಯಾನ್ ಮಾತ್ರ ಸ್ಪಷ್ಟವಾಗಿದೆ. ಪಾಡ್‌ಕಾಸ್ಟ್ ನನ್ನ ಕೈಲಾಗುವ ಕೆಲಸ ಅಲ್ಲ ಅಂತ ಬರೆದಿದ್ದೀಯ. ಅದನ್ನು ನಾನು ಒಪ್ಪುವುದಿಲ್ಲ. ಅಜ್ಜ ಸುಮ್ಮನಾದಾಗ ನೀನೂ ಸುಮ್ಮನೆ ಕಾದಿದ್ದೀಯ. ಆ ತಾಳ್ಮೆ ಕಲಿಸಿದರೆ ಬರುವಂಥದ್ದಲ್ಲ. ಮೈಕಿನ ವಿಷಯ ಕಲಿಯಬಹುದು.

ಕಾಲರಿಗೆ ಸಿಕ್ಕಿಸಿದ ಮೈಕ್ ಕೆಲಸವನ್ನೇ ಮಾಡಿಲ್ಲ. ಲ್ಯಾಪ್‌ಟಾಪ್ ತನ್ನ ಒಳಗಿನ ಮೈಕನ್ನೇ ಆರಿಸಿಕೊಂಡಿದೆ. ಪರದೆಯ ಮೇಲೆ ಗೆರೆಗಳು ಕುಣಿಯುತ್ತಿದ್ದವು, ನೀನು ನಂಬಿದೆ. ಯಾವುದೋ ಸದ್ದು ಬರುತ್ತಿದೆ ಎಂದಷ್ಟೇ ಆ ಗೆರೆ ಹೇಳುತ್ತದೆ. ಯಾವ ಮೈಕಿನಿಂದ ಅಂತ ಹೇಳುವುದಿಲ್ಲ. ಮುಂದಿನ ಸಲ ಮೈಕನ್ನು ಉಗುರಿನಿಂದ ಮೆಲ್ಲಗೆ ಕೆರೆದು ನೋಡು. ಹೆಡ್‌ಫೋನಿನಲ್ಲಿ ಆ ಕೆರೆತ ಜೋರಾಗಿ ಕೇಳಿದರೆ ಮಾತ್ರ ಶುರು ಮಾಡು. ಒಂದು ನಿಮಿಷ ರೆಕಾರ್ಡ್ ಮಾಡಿ, ನಿಲ್ಲಿಸಿ, ಅಲ್ಲೇ ಕೇಳು. ಅಜ್ಜ ಕಾಯುತ್ತಾರೆ, ಸಂಕೋಚ ಬೇಡ.

ದೂರ ಎರಡು ಪಟ್ಟಾದರೆ ಬಾಯಿಂದ ನೇರ ಬರುವ ದನಿ ಸುಮಾರು 6 ಡೆಸಿಬಲ್ (ಸದ್ದಿನ ಅಳತೆ) ಇಳಿಯುತ್ತದೆ. ಕೋಣೆ ತುಂಬ ಹರಡಿದ ಫ್ಯಾನಿನ ಸದ್ದು ಹಾಗೆ ಇಳಿಯುವುದಿಲ್ಲ. ಅದಕ್ಕೇ ಎದೆಯ ಮೇಲಿನ ಮೈಕಿಗೂ ಮೇಜಿನ ಮೇಲಿನ ಲ್ಯಾಪ್‌ಟಾಪಿಗೂ ಇಷ್ಟು ವ್ಯತ್ಯಾಸ. ಮುಂಬಯಿ ಸೆಕೆಯಲ್ಲಿ ಎಂಬತ್ತು ದಾಟಿದವರಿಗೆ ಫ್ಯಾನ್ ಆರಿಸಿ ಅನ್ನಬಾರದು. ಫ್ಯಾನ್ ತಿರುಗಲಿ, ಮೈಕ್ ಬಾಯಿಗೆ ಹತ್ತಿರ ಇರಲಿ. ಮಾತು ಜೋರಾದಾಗಲೂ ಪರದೆ ತೋರಿಸುವ ದನಿಯ ಮಟ್ಟ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲೇ ಇರಲಿ. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ. ನಿನ್ನ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಅದರಲ್ಲೂ ಬೇರೆಯಾಗಿ ರೆಕಾರ್ಡ್ ಮಾಡು. ಶುರುವಿಗೆ ಒಂದು ಚಪ್ಪಾಳೆ ತಟ್ಟಿದರೆ ಎರಡು ಫೈಲ್‌ಗಳನ್ನು ಹೊಂದಿಸುವುದು ಸುಲಭ.

ಇಷ್ಟೆಲ್ಲ ಯಾಕೆ ಹೇಳುತ್ತಿದ್ದೇನೆ ಗೊತ್ತಾ? ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಎಂಬ ಊಟದ ಹೋಟೆಲು ಮಾಟುಂಗಾದಲ್ಲಿ 1942ರಲ್ಲಿ ಶುರುವಾಯಿತು ಎಂಬುದು ಹುಡುಕಿದರೆ ಸಿಗುತ್ತದೆ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಮುಂಬಯಿಯ ಫೋರ್ಟ್ ಪ್ರದೇಶದ ಕನ್ನಡ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಿದ್ದ ಹುಡುಗ ಹೇಗೆ ಮಾತಾಡುತ್ತಾನೆ ಎಂಬುದು ಎಲ್ಲಿ ಸಿಗುತ್ತದೆ? ಆ ಹುಡುಗನೇ ಈ ಅಜ್ಜ; ಅವರ ಕನ್ನಡದಲ್ಲಿ ತುಳುವಿನ ಎಳೆತ ಇದೆ, ನಡುವೆ ಮರಾಠಿ ಇಣುಕುತ್ತದೆ. ಅಕ್ಷರದಲ್ಲಿ ಅದು ಅರ್ಧವೂ ಬರುವುದಿಲ್ಲ. ದನಿಯಲ್ಲೇ ಉಳಿಯಬೇಕು.

ಈಗಿನ ಫೈಲನ್ನು ಅಳಿಸಬೇಡ. ಮೂಲ ಹಾಗೇ ಇರಲಿ, ಪ್ರತಿಯ ಮೇಲೆ ಕೆಲಸ ಮಾಡು. ಸಾಫ್ಟ್‌ವೇರಿನಲ್ಲಿ ಸದ್ದು ತೆಗೆಯುವಾಗ ಕೈ ಹಿಡಿತದಲ್ಲಿರಲಿ. ಜಾಸ್ತಿ ತೆಗೆದರೆ ಸ, ಶ ಅಂಥ ಅಕ್ಷರಗಳೂ ಅದರ ಜೊತೆ ಹೋಗುತ್ತವೆ. ಕೇಳಿಸದ ಮಾತನ್ನು ಎಐ ಬಳಸಿ ಅವರದೇ ದನಿಯಲ್ಲಿ ತುಂಬಿಸಬಹುದಲ್ವಾ ಅಂತ ಕೇಳಿದ್ದೀಯ. ಬೇಡ. ಅವರು ಆಡದ ಮಾತನ್ನು ಅವರ ಬಾಯಲ್ಲಿ ಇಡುವ ಹಕ್ಕು ನಮಗಿಲ್ಲ. ಅಸ್ಪಷ್ಟ ಜಾಗದಲ್ಲಿ ನಿನ್ನ ದನಿಯಲ್ಲೇ ಸಾರಾಂಶ ಹೇಳು. ಇದು ನನ್ನ ಮಾತು, ಅವರದಲ್ಲ ಅಂತಲೂ ತಿಳಿಸು.

ರೆಕಾರ್ಡಿಂಗ್ ಕೆಟ್ಟಿದೆ ಅಂತ ಅಜ್ಜನಿಗೆ ಇನ್ನೂ ಹೇಳಿಲ್ಲವಂತೆ. ಇವತ್ತೇ ಹೇಳು, ಫೋನಿನಲ್ಲಲ್ಲ, ಮನೆಗೆ ಹೋಗಿ. ಹೋಗುವ ಮೊದಲು ನೆನಪಿರುವುದನ್ನೆಲ್ಲ ಬರೆದಿಟ್ಟುಕೋ. ಅವರು ಮತ್ತೆ ಕೂರಲು ಒಪ್ಪಿದರೆ ಹಳೆಯ ಪ್ರಶ್ನೆಗಳನ್ನೇ ಒಪ್ಪಿಸಬೇಡ. ಎರಡನೇ ಸಲ ಅದೇ ಕತೆ ಹೇಳುವವರು ಚುಟುಕು ಮಾಡಿಬಿಡುತ್ತಾರೆ. ಬೇರೆ ಕಡೆಯಿಂದ ಹೋಗು. ರಾತ್ರಿ ಶಾಲೆ ಮುಗಿಸಿ ಬಂದ ಮೇಲೆ ಎಲ್ಲಿ ಮಲಗುತ್ತಿದ್ದರು, ಊರಿಗೆ ಕಾಗದ ಯಾರ ಕೈಲಿ ಬರೆಸುತ್ತಿದ್ದರು, ಮೊದಲ ಸಂಬಳದಲ್ಲಿ ಏನು ಕೊಂಡರು, ಕೇಳು. ಸಿಕ್ಕಿದ್ದನ್ನು ನನಗೂ ಕಳಿಸು, ಕತ್ತರಿಸದೆ.

ಇಂತಿ,
ನಿನ್ನ ಅಕ್ಕ