ನಗು ಎರಡು ಸಲ ಬರುವ ಊರು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. ‘ಅರ್ಥವೇ ಆಗದ ಭಾಷೆಯ ಹಾಡಿಗೆ ವಾರಕ್ಕೆರಡು ರಾತ್ರಿ ದುಡ್ಡು ಕೊಟ್ಟು ಹೋಗ್ತೀಯಲ್ಲ, ಏನು ಸಿಗುತ್ತೆ ನಿನಗೆ?’ ಅಂದೆ. ಅಷ್ಟರಲ್ಲಿ ಬಸ್ಸು ಬಂತು, ಫೋನ್ ಇಟ್ಟುಬಿಟ್ಟೆ. ಇದಕ್ಕೆ ಉತ್ತರ ಸ್ವಲ್ಪ ಉದ್ದದ್ದು, ಬರೆದೇ ಹೇಳಬೇಕು.

ಕೆನಡಾದ ಮಾಂಟ್ರಿಯಲ್‌ನಲ್ಲಿ ನನಗಿದು ನಾಲ್ಕನೇ ಚಳಿಗಾಲ. ಮೊದಲೆರಡು ವರ್ಷ ನಾನು ಅರ್ಧ ಊರಿನಲ್ಲಿ ಮಾತ್ರ ಇದ್ದೆ ಅಂತ ಈಗ ಅನ್ನಿಸುತ್ತೆ. ಸೇಂಟ್ ಲಾರೆಂಟ್ ಅಂತ ಒಂದು ರಸ್ತೆ ಊರನ್ನು ಉದ್ದಕ್ಕೆ ಸೀಳಿಕೊಂಡು ಹೋಗುತ್ತೆ. ಅಡ್ಡರಸ್ತೆಗಳ ಮನೆ ನಂಬರು ಶುರುವಾಗುವುದೇ ಅದರಿಂದ, ಒಂದು ಕಡೆ ಪೂರ್ವ, ಇನ್ನೊಂದು ಕಡೆ ಪಶ್ಚಿಮ. ಹಳಬರ ಲೆಕ್ಕದಲ್ಲಿ ಪೂರ್ವದವರು ಫ್ರೆಂಚ್, ಪಶ್ಚಿಮದವರು ಇಂಗ್ಲಿಷ್. ಅಂಗಡಿಗೆ ಕಾಲಿಟ್ಟರೆ ‘ಬೋಂಜೂರ್-ಹಾಯ್’ ಅಂತ ಒಂದೇ ಉಸಿರಿಗೆ ಎರಡೂ ಭಾಷೆಯ ನಮಸ್ಕಾರ ಹೇಳುತ್ತಾರೆ. ನಾವು ಯಾವುದಕ್ಕೆ ಉತ್ತರ ಕೊಟ್ಟೆವೋ ಮುಂದಿನ ಮಾತು ಆ ಭಾಷೆಯಲ್ಲಿ. ಈ ಎರಡು ಪದ ಎಷ್ಟು ಸೂಕ್ಷ್ಮದ್ದು ಅಂದರೆ, ವ್ಯಾಪಾರಿಗಳು ಬರೀ ‘ಬೋಂಜೂರ್’ ಅನ್ನಲಿ ಅಂತ 2017ರಲ್ಲಿ ಇಲ್ಲಿನ ಕ್ವಿಬೆಕ್ ಪ್ರಾಂತ್ಯದ ಶಾಸನಸಭೆ ಒಮ್ಮತದಿಂದ ನಿರ್ಣಯ ಮಾಡಿತು. ನಾನು ಮಾತ್ರ ಪ್ರತಿ ಸಲ ‘ಹಾಯ್’ ಹಿಡಿದುಕೊಂಡೆ. ಬೋಂಜೂರ್ ಹಿಂದೆ ಒಂದು ಇಡೀ ಊರಿದೆ ಅನ್ನೋದು ಗೊತ್ತೇ ಆಗಲಿಲ್ಲ.

ಗೊತ್ತಾಗಿದ್ದು ಒಂದು ನವೆಂಬರ್ ರಾತ್ರಿ. ಜೊತೆ ಕೆಲಸ ಮಾಡುವವರೊಬ್ಬರ ಹತ್ತಿರ ಟಿಕೆಟ್ ಮಿಕ್ಕಿತ್ತು, ಹೋದೆ. ಅದೇ ಸೇಂಟ್ ಲಾರೆಂಟ್ ರಸ್ತೆಯ ಸಾಲಾ ರೊಸ್ಸಾ, ಅಂದರೆ ಕೆಂಪು ಕೋಣೆ. ಯಹೂದಿ ಕಾರ್ಮಿಕರು 1930ರ ದಶಕದಲ್ಲಿ ತಮ್ಮ ಸಭೆ, ಸಂಸ್ಕೃತಿಗೆ ಅಂತ ಕಟ್ಟಿಸಿಕೊಂಡ ಕಟ್ಟಡ ಅದು. ಆಮೇಲೆ ಸ್ಪ್ಯಾನಿಷ್ ಜನರ ಸಂಘ ಬಂತು, ಈಗ ಹಾಡು. ಅದಕ್ಕೆ ಎದುರುಬದುರಾಗಿ ಕಾಸಾ ದೆಲ್ ಪೊಪೊಲೊ, ಅದೂ ಹಾಡಿನ ಜಾಗವೇ. 2000ದಲ್ಲಿ ಅದನ್ನು ತೆರೆದವರು ಮೌರೊ ಪೆಝೆಂಟೆ ಮತ್ತು ಕೀವಾ ಸ್ಟಿಮಾಕ್. ಮೌರೊ ಸ್ವತಃ ಗಾಡ್‌ಸ್ಪೀಡ್ ಯು! ಬ್ಲ್ಯಾಕ್ ಎಂಪರರ್ ತಂಡದ ಬೇಸ್ ವಾದಕ. ನುಡಿಸುವವರೇ ನಡೆಸುವ ಜಾಗ ಅನ್ನೋದು ಒಳಗೆ ಹೋದ ಕೂಡಲೇ ತಿಳಿಯುತ್ತೆ. ಸ್ಪೀಕರ್ ಎಲ್ಲಿರಬೇಕೋ ಅಲ್ಲಿರುತ್ತೆ, ಹಾಡು ನಡೆಯುವಾಗ ಬಾರ್‌ನವರು ಐಸ್ ಕುಟ್ಟುವುದಿಲ್ಲ.

ಆ ರಾತ್ರಿ ಒಬ್ಬ ಹುಡುಗಿ ಗಿಟಾರ್ ಹಿಡಿದು ನಿಂತಿದ್ದಳು, ಹಿಂದೆ ಡ್ರಮ್ಮಿಗೆ ಒಬ್ಬ. ಗಿಟಾರಿನ ತಂತಿ ಬಿಗಿಮಾಡುತ್ತಾ ಫ್ರೆಂಚಿನಲ್ಲಿ ಏನೋ ಹೇಳಿದಳು. ಹಾಲಿನ ಅರ್ಧ ಜನ ಘೊಳ್ಳನೆ ನಕ್ಕರು. ಇನ್ನೊಂದು ತಂತಿಗೆ ಕೈ ಹಾಕಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಆಗ ಉಳಿದವರ ಸರದಿ. ಒಂದೇ ಮಾತಿಗೆ ನಗು ಎರಡು ಸಲ ಬಂತು ಕಣೋ! ನನ್ನ ಪಕ್ಕದಲ್ಲಿದ್ದ ವಯಸ್ಸಾದ ಹೆಂಗಸು ಎರಡು ಸಲವೂ ನಕ್ಕರು. ಅವರ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು, ನಿಜವಾಗಿ.

ಹಾಡು ಶುರುವಾಯಿತು. ಪಲ್ಲವಿಯಲ್ಲಿ ‘ದೆಓರ್’ ಅನ್ನುವ ಒಂದು ಪದ ಮತ್ತೆ ಮತ್ತೆ ಬರುತ್ತಿತ್ತು. ಪ್ರತಿ ಸಲವೂ ಅವಳ ಧ್ವನಿ ಆ ಪದದ ಹತ್ತಿರ ತೆಳ್ಳಗಾಗಿ ಒಡೆಯುತ್ತಿತ್ತು. ಹಾಗಂದರೆ ಏನು ಅಂತ ಆ ಹೆಂಗಸನ್ನು ಕೇಳಿದೆ. ನನ್ನ ಕಿವಿಗೆ ಬಾಯಿಟ್ಟು ‘ಹೊರಗೆ, ಹೊರಗೆ ಅಂತ’ ಅಂದರು. ಮಾರನೇ ದಿನ ಆಫೀಸಿನ ಲಿಫ್ಟ್‌ನಲ್ಲಿ ಮೂಗು ಕೆಂಪಾದ ಒಬ್ಬರು ಇನ್ನೊಬ್ಬರಿಗೆ ‘ಫೇ ಫ್ರೆಟ್ ದೆಓರ್’ ಅಂದರು. ಕೊನೆಯ ಪದ ನನ್ನದಾಗಿತ್ತು, ಮಿಕ್ಕಿದ್ದನ್ನು ಅವರ ಮೂಗೇ ಹೇಳಿತು: ಹೊರಗೆ ವಿಪರೀತ ಚಳಿ. ಎರಡು ವರ್ಷದಲ್ಲಿ ಯಾರ ಸಹಾಯವೂ ಇಲ್ಲದೆ ನನಗೆ ಅರ್ಥವಾದ ಮೊದಲ ಫ್ರೆಂಚ್ ಮಾತು ಅದು. ತರಗತಿಗೂ ಹೋಗಿದ್ದೆ, ಕ್ರಿಯಾಪದದ ಪಟ್ಟಿ ಬಾಯಿಪಾಠ ಮಾಡಿದ್ದೆ. ಯಾವುದೂ ಈ ಒಂದು ಪದದ ಹಾಗೆ ಮೈಗೆ ಅಂಟಿಕೊಂಡಿರಲಿಲ್ಲ.

ಅಲ್ಲಿಂದ ನಾನು ಹುಡುಕಿಕೊಂಡು ಹೋಗತೊಡಗಿದೆ. ಹೊರಗಿನ ಜಗತ್ತು ‘ಮಾಂಟ್ರಿಯಲ್ ಸಂಗೀತ’ ಅನ್ನುವುದು ಹೆಚ್ಚಾಗಿ ಇಂಗ್ಲಿಷ್ ಕಡೆಯದನ್ನು. ಅದಕ್ಕೂ ಒಂದು ಹಿನ್ನೆಲೆ ಇದೆ. 1995ರ ಜನಮತಗಣನೆಯಲ್ಲಿ ಕ್ವಿಬೆಕ್ ಕೆನಡಾದಿಂದ ಬೇರೆಯಾಗುವುದು ಬೇಡ ಅಂದವರು ನೂರಕ್ಕೆ 50.58, ಕೂದಲೆಳೆ ಅಂತರ. ಮುಂದೇನೋ ಅನ್ನುವ ಆತಂಕ, ಮಂಕಾದ ಆರ್ಥಿಕತೆ, ಖಾಲಿ ಬಿದ್ದ ಕಾರ್ಖಾನೆಗಳು. ಮೈಲ್ ಎಂಡ್ ಬಡಾವಣೆಯಲ್ಲಿ ಬಾಡಿಗೆ ಅಗ್ಗವಾಗಿತ್ತು, ಹಾಗಾಗಿ ಹಾಡುವವರು ಬಂದು ಸೇರಿಕೊಂಡರು. 1997ರಲ್ಲಿ ಕಾನ್‌ಸ್ಟೆಲೇಷನ್ ಅನ್ನುವ ಸಣ್ಣ ರೆಕಾರ್ಡ್ ಕಂಪನಿ ಹುಟ್ಟಿತು. ಹೋಟೆಲ್‌2ಟ್ಯಾಂಗೊ ಸ್ಟುಡಿಯೋದಲ್ಲಿ ಧ್ವನಿಮುದ್ರಣವಾದ ಆರ್ಕೇಡ್ ಫೈರ್ ತಂಡದ ಮೊದಲ ಆಲ್ಬಂ 2004ರಲ್ಲಿ ಬಂದಾಗ ಲೋಕವೇ ಈ ಊರಿನ ಕಡೆ ತಿರುಗಿತು.

ಆದರೆ ಅದೇ ಬೀದಿಗಳಲ್ಲಿ, ಅದೇ ವರ್ಷಗಳಲ್ಲಿ ಫ್ರೆಂಚಿನಲ್ಲಿ ಮಾಲಾಜೂಬ್, ಕಾರ್ಕ್ವಾ ತಂಡಗಳೂ ಹಾಡುತ್ತಿದ್ದವು. ಕೆನಡಾದಲ್ಲಿ ಪೊಲಾರಿಸ್ ಅಂತ ಒಂದು ಬಹುಮಾನವಿದೆ. ಎಷ್ಟು ಮಾರಾಟವಾಯಿತು ಅಂತ ನೋಡದೆ, ಆಲ್ಬಂನ ಗುಣ ಒಂದನ್ನೇ ನೋಡಿ ಕೊಡುವಂಥದ್ದು. 2010ರಲ್ಲಿ ಅದು ಕಾರ್ಕ್ವಾಗೆ ಬಂತು, ಫ್ರೆಂಚ್ ಆಲ್ಬಂ ಒಂದಕ್ಕೆ ಬಂದದ್ದು ಅದೇ ಮೊದಲು. ಮರುವರ್ಷ ಆರ್ಕೇಡ್ ಫೈರ್‌ಗೆ. ಎರಡು ವರ್ಷ ಬೆನ್ನಿಗೆ ಬೆನ್ನು ಒಂದೇ ಊರಿಗೆ, ಎರಡು ಭಾಷೆಗೆ! ಎರಡನೆಯ ಹೆಸರು ನನಗೆ ಇಲ್ಲಿಗೆ ಬರುವ ಮುಂಚೆಯೇ ಗೊತ್ತಿತ್ತು, ಮೊದಲನೆಯದನ್ನು ಕೇಳಿಯೇ ಇರಲಿಲ್ಲ. ಈಗ ಕಾರ್ಕ್ವಾ ಕೇಳದೆ ನನ್ನ ಭಾನುವಾರ ಸಾಗುವುದಿಲ್ಲ.

ಭಾಷೆಯ ಲೆಕ್ಕಾಚಾರ ಹಾಡಿನೊಳಗೂ ಇದೆ. ಇಲ್ಲಿನ ಫ್ರೆಂಚ್ ರೇಡಿಯೋಗಳು ವಾರದಲ್ಲಿ ಹಾಕುವ ಜನಪ್ರಿಯ ಹಾಡುಗಳಲ್ಲಿ ಶೇ 65ರಷ್ಟು ಫ್ರೆಂಚಿನವೇ ಇರಬೇಕು, ಅದು ನಿಯಮ. ಸುತ್ತಲೂ ಇಂಗ್ಲಿಷಿನ ಸಮುದ್ರ ಇರುವಾಗ ಇಂಥ ಒಂದು ಕಟ್ಟೆ ಬೇಕೇ ಬೇಕು ಅಂತ ನನಗನ್ನಿಸುತ್ತೆ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಡೆಡ್ ಓಬೀಸ್ ಅನ್ನುವ ರ‍್ಯಾಪ್ ತಂಡದ ಹುಡುಗರು ಒಂದೇ ಸಾಲಿನಲ್ಲಿ ಎರಡೂ ಭಾಷೆ ಬೆರೆಸಿ ಹಾಡಿದರು, ಬೀದಿಯಲ್ಲಿ ಮಾತಾಡುವ ಹಾಗೇ. ಅವರ 2016ರ ಆಲ್ಬಂನಲ್ಲಿ ಫ್ರೆಂಚ್ ಪದಗಳು ಶೇ 70 ತಲುಪಲಿಲ್ಲ ಅಂತ ಅನುದಾನ ಕೈತಪ್ಪಿತು. ಹಾಡಿನ ಪದಗಳನ್ನು ಕೂತು ಎಣಿಸಿದ್ದಾರೆ! ಕಟ್ಟೆಯೂ ಬೇಕು, ಈ ಹುಡುಗರೂ ಬೇಕು. ಇವೆರಡನ್ನೂ ಹೊಂದಿಸುವ ದಾರಿ ನನಗಿನ್ನೂ ಹೊಳೆದಿಲ್ಲ.

ಪ್ರದರ್ಶನಗಳ ಬಗ್ಗೆ ಕೇಳಿದ್ದೆಯಲ್ಲ. ಸೆಪ್ಟೆಂಬರ್‌ನಲ್ಲಿ 2002ರಿಂದ ನಡೆಯುವ ಪಾಪ್ ಮಾಂಟ್ರಿಯಲ್, ನವೆಂಬರ್‌ನಲ್ಲಿ 2006ರಿಂದ ನಡೆಯುವ ಎಂ ಪೂರ್ ಮೋಂರೆಯಾಲ್. ಎರಡನೆಯದು ಪೂರ್ತಿ ಶೋಕೇಸ್. ಶೋಕೇಸ್‌ಗೆ ಫ್ರೆಂಚಿನಲ್ಲಿ ‘ವಿತ್ರೀನ್’ ಅನ್ನುತ್ತಾರೆ, ಅಂಗಡಿಯ ಮುಂದಿನ ಗಾಜು ಅಂತ. ಒಂದು ತಂಡಕ್ಕೆ ಸಿಗುವುದು ಸುಮಾರು ಅರ್ಧ ಗಂಟೆ. ಕುತ್ತಿಗೆಗೆ ಪಾಸ್ ನೇತುಹಾಕಿಕೊಂಡು ಹಿಂದಿನ ಗೋಡೆಗೆ ಒರಗಿ ನಿಂತವರು ಹೊರದೇಶದ ಉತ್ಸವಗಳಿಗೆ ತಂಡ ಆರಿಸಲು ಬಂದವರು. ಅವರಲ್ಲಿ ಒಬ್ಬರು ತಲೆ ಆಡಿಸಿದರೂ ಈ ಮಕ್ಕಳ ಮುಂದಿನ ಬೇಸಿಗೆಯೇ ಬದಲಾಗಬಹುದು. ಹಾಡು ಮುಗಿದ ಮೇಲೆ ನಾನು ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಈಗಷ್ಟೇ ಇಡೀ ಹಾಲನ್ನು ಉಸಿರು ಹಿಡಿಯುವಂತೆ ಮಾಡಿದ ಹುಡುಗಿ ಮಂಡಿಯೂರಿ ಕೂತು ತನ್ನ ಕೇಬಲ್‌ಗಳನ್ನು ತಾನೇ ಸುತ್ತುತ್ತಾಳೆ. ಮೊಣಕೈಯಿಂದ ಅಂಗೈಗೆ, ಅಂಗೈಯಿಂದ ಮೊಣಕೈಗೆ. ಮುಂದಿನ ತಂಡದವನು ಅವಳ ಕೈದೀಪ ಹಿಡಿದು ನಿಂತಿರುತ್ತಾನೆ. ಐದು ನಿಮಿಷಕ್ಕೆ ಅವಳು ಬಾಗಿಲ ಹತ್ತಿರದ ಮೇಜಿನ ಹಿಂದೆ ನಿಂತು ತನ್ನ ರೆಕಾರ್ಡನ್ನು ತಾನೇ ಮಾರುತ್ತಿರುತ್ತಾಳೆ.

ಇಂಥ ಜಾಗಗಳು ಒಂದೊಂದೇ ಹೋಗುತ್ತಿವೆ ಅನ್ನೋದೇ ಸಂಕಟ. ಶಬ್ದದ ದೂರು, ದಂಡ, ಏರಿದ ಖರ್ಚು. ದಿವಾಂ ಒರಾಂಜ್ 2018ರಲ್ಲಿ ಮುಚ್ಚಿತು. ಹಳೆಯ ರಂಗಮಂದಿರ ಲಾ ತ್ಯುಲಿಪ್‌ನ ಗೋಡೆಗೆ ಅಂಟಿದ ಕಟ್ಟಡ ಮನೆಯಾಯಿತು. ಅಲ್ಲಿಗೆ ಧ್ವನಿವರ್ಧಕದ ಸದ್ದು ಕೇಳಿಸಲೇಬಾರದು ಅಂತ ಮೇಲ್ಮನವಿ ನ್ಯಾಯಾಲಯ ಹೇಳಿದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಅದೂ ಬಾಗಿಲು ಹಾಕಿತು. ರಂಗಮಂದಿರ ಮೊದಲಿನಿಂದಲೂ ಅಲ್ಲೇ ಇತ್ತು ಮಾರಾಯ, ಮನೆ ಆಮೇಲೆ ಬಂದದ್ದು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಅದಕ್ಕೇ ವಾರಕ್ಕೆರಡು ಸಲ ಹೋಗುವುದು. ನಾನು ಕೊಡುವ ಟಿಕೆಟ್ಟಿನ ದುಡ್ಡು ಆ ಬಾಗಿಲು ತೆರೆದಿರಲಿ ಅಂತಲೂ ಹೌದು.

ಒಂದು ಮಾತು ಬಿಟ್ಟೇಹೋಗಿತ್ತು. ಕೊನೆಯ ಹಾಡು ಮುಗಿದರೆ ಫ್ರೆಂಚಿನವರು ‘ಯುನ್ ಓತ್ರ್! ಯುನ್ ಓತ್ರ್!’ ಅಂತ ಕೂಗುತ್ತಾರೆ. ಇನ್ನೊಂದು, ಇನ್ನೊಂದು ಅಂತ. ಇಂಗ್ಲಿಷಿನವರು ‘ಒನ್ ಮೋರ್’ ಅನ್ನುತ್ತಾರೆ. ಸಾಲಾ ರೊಸ್ಸಾದಲ್ಲಿ ಎರಡೂ ಒಂದರ ಮೇಲೊಂದು ಬಿದ್ದು, ಕಡೆಗೆ ತಾಳ ಮಾತ್ರ ಉಳಿಯುತ್ತೆ, ಮರದ ನೆಲಕ್ಕೆ ಕಾಲು ಬಡಿಯುವ ಸದ್ದು. ಹೋದ ವಾರ ನಾನು ಯಾವ ಭಾಷೆಯಲ್ಲಿ ಕೂಗುತ್ತಿದ್ದೇನೆ ಅಂತ ಗಮನಿಸಿದೆ. ಫ್ರೆಂಚಿನಲ್ಲಿ.

ಇವತ್ತು ಕಾಸಾದಲ್ಲಿ ಇನ್ನೊಂದು ತಂಡವಿದೆ, ಹೆಸರು ನನಗೂ ಹೊಸದು. 55ನೇ ನಂಬರ್ ಬಸ್ಸಿಗೆ ಹೊತ್ತಾಯಿತು, ಕೋಟು ಹಾಕಿಕೊಂಡೇ ಬರೆಯುತ್ತಿದ್ದೇನೆ. ಮುಂದಿನ ನವೆಂಬರ್‌ಗೆ ಈಗಲೇ ರಜೆ ಹಾಕು. ದಪ್ಪ ಸಾಕ್ಸ್ ತಂದುಕೋ. ಕಿವಿಗೆ ಹಾಕುವ ಪ್ಲಗ್ ನನ್ನ ಹತ್ತಿರ ಎರಡು ಜೊತೆ ಇದೆ.

ನಿನ್ನ
ಗೆಳೆಯ