ಮಗಳಿಗೊಂದು ಪತ್ರ: ಆ ಬೆಲ್ಲದ ಗಾಡಿ ವಿಷಯ

ಮಂಡ್ಯ,
ಭಾನುವಾರ ರಾತ್ರಿ

ಪುಟ್ಟಿ,

ಸ್ಟಿಕ್ಕರ್ ಬಿಸಿ ಮಾಡುವ ನಿನ್ನ ಹೀಟ್ ಗನ್ ಇಲ್ಲೇ ಉಳಿದಿದೆ. ನಾಳೆ ಮೈಸೂರು ಬಸ್ಸಿಗೆ ಹಾಕೋಣ ಎಂದು ಡಬ್ಬಕ್ಕೆ ತುಂಬಿದೆ. ಬರೀ ಡಬ್ಬ ಹೇಗೆ ಕಳಿಸಲಿ ಅಂತ ಈ ಕಾಗದ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಎತ್ತಿದರೂ ನಾನು ರೇಗುತ್ತೇನೆ.

ಅವತ್ತು ಯಾರು ಏನಂದರು ಅನ್ನುವುದು ಇಬ್ಬರಿಗೂ ಗೊತ್ತು, ಬಿಡು. ಆದರೆ ಆ ಬೆಲ್ಲದ ಸಾಹುಕಾರರ ಗಾಡಿಗೆ ನಾವು ಅಂಟಿಸಿದ ಸ್ಟಿಕ್ಕರ್ ನನ್ನ ತಲೆಯಿಂದ ಇಳಿಯುತ್ತಿಲ್ಲ.

ಆಯುಧಪೂಜೆಗೆ ಎರಡೇ ದಿನ ಇತ್ತು. ಪ್ರಿಂಟ್ ಮುಗಿದಾಗ ರಾತ್ರಿ ಹತ್ತು. ‘ಅಪ್ಪ, ಸಾಲ್ವೆಂಟ್ ಇಂಕು, ಅದರ ದ್ರಾವಕ ಆರಿಹೋಗಲಿ, ಒಂದು ದಿನ ಹರಡಿ ಬಿಡೋಣ. ಈಗಲೇ ಮೇಲೆ ಲ್ಯಾಮಿನೇಷನ್ ಹಾಳೆ ಹಾಕಿದರೆ ಸಾಲ್ವೆಂಟ್ ಒಳಗೇ ಸಿಕ್ಕಿಕೊಂಡು ಅಂಟು ಮೆತ್ತಗಾಗುತ್ತೆ’ ಅಂದೆ ನೀನು. ನಾನು ಬೆರಳಲ್ಲಿ ಮುಟ್ಟಿ, ‘ಒಣಗಿದೆ, ಹಾಕು’ ಅಂದೆ. ನೀನು ಗಾಡಿಗೆ ಒಗ್ಗುವ ಕಾಸ್ಟ್ ವಿನೈಲ್ ಸ್ಟಿಕ್ಕರ್ ಹಾಳೆ ಕೇಳಿದ್ದೆ. ನಾನು ಕೊಟ್ಟಿದ್ದು ಮೂಲೆಯಲ್ಲಿದ್ದ ಕ್ಯಾಲೆಂಡರ್ಡ್ ರೋಲು. ಚಪ್ಪಟೆ ಬೋರ್ಡಿಗೆ ಅಂಟಿಸುವ ಮಾಲು ಅದು. ಗಾಡಿಯ ಉಬ್ಬುತಗ್ಗಿಗೆ ಎಳೆದು ಕೂರಿಸಿದರೆ, ಬಿಸಿಲು ಬಿದ್ದ ಕೂಡಲೇ ಮೊದಲಿನ ಅಳತೆಗೆ ವಾಪಸ್ ಹೋಗಲು ನೋಡುತ್ತೆ. ನನಗೆ ಇದನ್ನು ಹೇಳಿಕೊಟ್ಟವಳೇ ನೀನು!

ದೀಪಾವಳಿ ಹೊತ್ತಿಗೆ ಅಂಚೆಲ್ಲ ಎದ್ದಿತು. ಸಾಹುಕಾರರು ನಾಲ್ಕು ಜನರ ಮುಂದೆ ಕೂಗಾಡಿದರು. ನಾನು ‘ನನ್ ಮಗ್ಳು ಮಾಡಿದ್ದು’ ಅಂದುಬಿಟ್ಟೆ. ನೀನು ಅಕ್ಷರ ಕತ್ತರಿಸುವ ಪ್ಲಾಟರ್ ಮೆಷಿನ್ ಪಕ್ಕ ಕೂತು ಅಕ್ಷರದ ಸುತ್ತಲಿನ ವಿನೈಲ್ ಕೀಳುತ್ತಿದ್ದೆ. ತಲೆ ಎತ್ತಲಿಲ್ಲ. ಕೈ ಮಾತ್ರ ನಿಂತಿತು.

ಪಿಯುಸಿಯಲ್ಲಿದ್ದಾಗ ನೀನು ಮಾಡಿದ ಮೊದಲ ಬೋರ್ಡ್ ನೆನಪಿದೆಯಾ? ಕಂಪ್ಯೂಟರ್ ಒತ್ತಕ್ಷರಗಳನ್ನೆಲ್ಲ ಒಡೆದು ಚೆಲ್ಲಿತ್ತು. ನೀನು ನುಡಿ ಸಾಫ್ಟ್‌ವೇರಿನಲ್ಲಿ ಮತ್ತೆ ಟೈಪ್ ಮಾಡಿ, ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಗೆರೆಯ ಚಿತ್ರಕ್ಕೆ ಬದಲಿಸಿ, ಒಂದೊಂದೇ ಒತ್ತನ್ನು ಅದರ ಜಾಗಕ್ಕೆ ಕೂರಿಸಿದೆ. ಆಗಲೂ ‘ನನ್ ಮಗ್ಳು ಮಾಡಿದ್ದು’ ಅಂತಲೇ ಬೀದಿಯೆಲ್ಲ ಹೇಳಿಕೊಂಡು ಬಂದಿದ್ದೆ. ಅದೇ ಬಾಯಿ, ಅದೇ ಮಾತು. ರಾತ್ರಿ ಎಚ್ಚರವಾದಾಗ ಇದೇ ಕಿವಿಯಲ್ಲಿ ಸುತ್ತುತ್ತೆ.

2016ರ ಮಾರ್ಚಿನಲ್ಲಿ ಸರ್ಕಾರ ಫ್ಲೆಕ್ಸ್ ನಿಷೇಧಿಸಿದಾಗ ಮೆಷಿನ್ ಸಾಲದ ಕಂತು ತಲೆ ಮೇಲಿತ್ತು, ಕೈಯಲ್ಲಿ ಕೆಲಸ ಇರಲಿಲ್ಲ. ಅಂದಿನಿಂದ ಗಿರಾಕಿಗೆ ‘ಆಗಲ್ಲ’ ಅನ್ನಲು ನನಗೆ ಬಾಯಿ ಬರುವುದಿಲ್ಲ. ಇದನ್ನು ನೆಪ ಅಂತ ಹೇಳುತ್ತಿಲ್ಲ. ಸರಿ, ನೆಪವೇ ಇರಬಹುದು.

ಬುದ್ಧಿ ಹೇಳಬಾರದು ಅಂತಲೇ ಕೂತೆ. ಆದರೂ ಕೇಳು, ಈಗ ನಿನ್ನದೇ ಅಂಗಡಿ. ಅರ್ಧ ದುಡ್ಡು ಮುಂಗಡ ಬರದೆ ರೋಲ್ ಬಿಚ್ಚಬೇಡ, ನೆಂಟರಾದರೂ ಸರಿ. ಡಿಸೈನ್ ಒಪ್ಪಿಗೆಗೆ ಸಹಿ ಹಾಕಿಸಿಕೋ. ಕಾಗುಣಿತ ತಪ್ಪಾದರೆ ‘ನಾನು ಹೇಳಿದ್ದು ಹಾಗಲ್ಲ’ ಅನ್ನುತ್ತಾರೆ. 2024ರಲ್ಲಿ ಕನ್ನಡ ಕಾಯ್ದೆಗೆ ತಿದ್ದುಪಡಿ ಆದಮೇಲೆ ಅಂಗಡಿ ಬೋರ್ಡಿನಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲರ್ಧದಲ್ಲಿ. ಇಂಗ್ಲಿಷ್ ದೊಡ್ಡದು ಮಾಡಿ ಅನ್ನುವವರು ಬರುತ್ತಾರೆ, ಮೊದಲೇ ತಿಳಿಸಿಬಿಡು. ಗಾಡಿಯ ಮೈಮೇಲೆ ಬ್ಲೇಡ್ ಆಡಿಸಬೇಡ, ಪೇಂಟ್ ಸೀಳುತ್ತೆ. ಬೋರ್ಡ್ ಕಟ್ಟುವಾಗ ಕರೆಂಟ್ ತಂತಿ ಹತ್ತಿರವಿದ್ದರೆ ಆ ಕೆಲಸವೇ ಬೇಡ. ಹುಡುಗರನ್ನೂ ಹತ್ತಿಸಬೇಡ. ನೀನು ಏಣಿ ಮೇಲೆ ನಿಂತಿರುವ ಹಾಗೆ ನನಗೆ ಕನಸು ಬೀಳುತ್ತೆ. ಇದೆಲ್ಲ ನಿನಗೆ ನನಗಿಂತ ಜಾಸ್ತಿ ಗೊತ್ತು, ಅಲ್ವಾ?

ಎರಡು ತಿಂಗಳ ಬಾಡಿಗೆಗೆ ಕಷ್ಟವಾದರೆ ನಿಮ್ಮವ್ವನಿಗಾದರೂ ಹೇಳು.

ಸಾಹುಕಾರರ ಗಾಡಿಯ ವಿನೈಲ್ ನಾನೇ ಕಿತ್ತೆ. ಉಳಿದ ಅಂಟು ಒರೆಸುವುದಕ್ಕೇ ಒಂದು ದಿನ ಹಿಡಿಯಿತು. ಕಾಸ್ಟ್ ರೋಲ್ ತರಿಸಿ ಮತ್ತೆ ಪ್ರಿಂಟ್ ಹಾಕಿದ್ದೇನೆ. ನಿನ್ನೆ ಸಂಜೆಯಿಂದ ಹರಡಿದೆ, ಇನ್ನೂ ಲ್ಯಾಮಿನೇಷನ್ ಮುಟ್ಟಿಲ್ಲ. ಮಂಗಳವಾರ ಅವರು ಬರುತ್ತಾರೆ. ತಪ್ಪು ಯಾರದು ಅಂತ ಹೇಳುತ್ತೇನೆ. ನಾಲ್ಕು ಜನ ಇದ್ದಾಗಲೇ.

ಡಬ್ಬದ ಮೇಲ್ಗಡೆ ನಿಮ್ಮವ್ವ ನಿಪ್ಪಟ್ಟು ಇಟ್ಟಿದ್ದಾಳೆ. ಅದನ್ನು ತೆಗೆದುಕೊಂಡು ಆಮೇಲೆ ಗನ್ ಎಳಿ, ಪುಡಿಯಾದೀತು.

ಇತಿ,
ಅಪ್ಪ