ಟ್ರೇಲರ್ ಪುಕ್ಕಟೆಯಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಹಳೆಯ ಸ್ಪೀಡ್‌ಬೋಟ್ ಕೊಳ್ಳುವವರಿಗೆ ಕಿವಿಮಾತು ಹೇಳಿದ ಲೇಖನವನ್ನು ಎರಡು ಸಲ ಓದಿದೆ. ಎಂಜಿನ್ನಿಗೆ ಮೂರು ಕಾಲಂ, ಬಣ್ಣ ಮತ್ತು ಸೀಟುಗಳಿಗೆ ಒಂದು ಕಾಲಂ, ಕಟ್ಟಕಡೆಗೆ ಒಂದೇ ಸಾಲು: ‘ಟ್ರೇಲರ್ ಜೊತೆಗೇ ಬಂದರೆ ಲಾಭ.’ ನಾನು ಮೂವತ್ತೊಂದು ವರ್ಷ, ಬೋಟ್ ಹೇರಿ ಗಾಡಿಯ ಹಿಂದೆ ಎಳೆಯುವ ಈ ಟ್ರೇಲರ್‌ಗಳ ಕೆಳಗೆ ಅಂಗಾತ ಮಲಗಿ ಬೆಸುಗೆ ಹಾಕಿದವನು. ಜೊತೆಗೇ ಬಂದ ಟ್ರೇಲರ್‌ಗಳಿಂದ ಲಾಭವಾಗಿದ್ದು ಬಹುತೇಕ ನನಗೇ. ಆ ಋಣ ತೀರಿಸಲು ಈ ಪತ್ರ.

ಹೋದ ವರ್ಷ ನನ್ನ ಅಕ್ಕನ ಮಗನಿಗೆ ಕಡಲ ಓಟದ ಬೋಟಿನ ಹುಚ್ಚು ಹಿಡಿಯಿತು. 28 ಅಡಿ ಉದ್ದ, ಚೂಪು ಮೂತಿ, ಹಿಂದೆ 8.2 ಲೀಟರಿನ ವಿ-8 ಎಂಜಿನ್. ಮಾರುವವನು ಕಳಿಸಿದ ಹದಿನೇಳು ಫೋಟೋಗಳನ್ನು ಹುಡುಗ ನನಗೆ ತೋರಿಸಿದ. ಒಂದರಲ್ಲೂ ಟ್ರೇಲರ್‌ನ ಚಕ್ರ ಪೂರ್ತಿಯಾಗಿ ಕಾಣುತ್ತಿರಲಿಲ್ಲ. “ಮಾವ, ಟ್ರೇಲರ್ ಪುಕ್ಕಟೆಯಂತೆ” ಎಂದ. “ಹಾಗಾದರೆ ಮೊದಲು ಅದನ್ನೇ ನೋಡೋಣ” ಎಂದೆ. ಪುಕ್ಕಟೆ ಸಿಕ್ಕ ಎಮ್ಮೆಯ ಹಲ್ಲು ಎಣಿಸಬಾರದೆಂದು ಗಾದೆ ಕಟ್ಟಿದವರು ಆ ಎಮ್ಮೆಯ ಬೆನ್ನ ಮೇಲೆ ಎರಡೂವರೆ ಟನ್ ಹೇರಿ ಹೆದ್ದಾರಿಯಲ್ಲಿ ಓಡಿಸಿದವರಲ್ಲ.

ಹೋಗಿ ನೋಡಿದೆವು. ಹುಡುಗ ಏಣಿ ಹತ್ತಿ ಸ್ಟೀರಿಂಗ್ ಹಿಡಿದ, ನಾನು ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದೆ. ಟೈರುಗಳ ಗೀರುಗಳು ಹೊಸದರಂತೆ ಆಳವಾಗಿದ್ದವು. ಮಾರುವವನು ಅದನ್ನೇ ಬೊಟ್ಟುಮಾಡಿ ತೋರಿಸಿದ. ಬೋಟಿನ ಟ್ರೇಲರ್‌ನ ಟೈರು ಓಡಿ ಸವೆಯುವುದಿಲ್ಲ, ನಿಂತಲ್ಲೇ ಬಿಸಿಲಿಗೆ ಸಾಯುತ್ತದೆ. ಅದರ ಪಕ್ಕೆಯಲ್ಲಿ ಒಂದು ಸಣ್ಣ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತವೆ. ಇಲ್ಲಿದ್ದದ್ದು 3111, ಅಂದರೆ 2011ರ 31ನೇ ವಾರದಲ್ಲಿ ಅಚ್ಚಿನಿಂದ ಹೊರಬಂದ ಟೈರು. ಹೆಬ್ಬೆರಳಿನಿಂದ ಒತ್ತಿದರೆ ಪಕ್ಕೆಯ ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳು ಬಾಯಿ ತೆರೆಯುತ್ತಿದ್ದವು. ಐದಾರು ವರ್ಷ ದಾಟಿದ ಟೈರನ್ನು ಗೀರು ಎಷ್ಟೇ ಇರಲಿ ನಾನು ನಂಬುವುದಿಲ್ಲ.

ಜಾಕ್ ಕೊಟ್ಟು ಒಂದು ಚಕ್ರ ಎತ್ತಿದೆ. ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದರೆ ಟಕ್ ಟಕ್ ಎಂದಿತು. ಕೈಯಲ್ಲಿ ತಿರುಗಿಸಿದರೆ ಒಳಗೆ ಮರಳು ಅರೆದಂತೆ ಸದ್ದು. ಚಕ್ರದ ನಡುವಿನ ಹಬ್ಬಿನ ಮುಚ್ಚಳ ತೆಗೆದಾಗ ಗ್ರೀಸು ಕಂದು ಹೋಗಿ ಮಬ್ಬು ಬಿಳಿಯಾಗಿತ್ತು, ನೀರು ಸೇರಿದ ಗುರುತು. ಬೋಟನ್ನು ಹತ್ತಾರು ಮೈಲಿ ಎಳೆದು ತಂದಾಗ ಹಬ್ಬು ಬಿಸಿಯಾಗಿರುತ್ತದೆ. ಬಂದವರು ಆತುರದಲ್ಲಿ ಹಾಗೆಯೇ ಹಿಂದಕ್ಕೆ ನೀರಿಗಿಳಿಸುತ್ತಾರೆ. ಒಳಗಿನ ಬಿಸಿ ಗಾಳಿ ಒಮ್ಮೆಲೇ ತಣಿದು ಕುಗ್ಗಿ, ಸವೆದ ಸೀಲಿನ ಸಂದಿಯಿಂದ ಉಪ್ಪು ನೀರನ್ನು ಹೀರಿಕೊಳ್ಳುತ್ತದೆ. ಹದಿನೈದು ನಿಮಿಷ ಕಾದು ಇಳಿಸಿದರೆ ಬೇರಿಂಗ್ ಉಳಿಯುತ್ತದೆ ಎಂದು ಎಷ್ಟು ಜನರಿಗೆ ಹೇಳಿದ್ದೇನೋ, ಕಾದವರನ್ನು ಕಂಡಿಲ್ಲ.

ಬ್ರೇಕು ಇನ್ನೊಂದು ಕಥೆ. ಮುಂದಿನ ಗಾಡಿ ನಿಧಾನಿಸಿದಾಗ ಟ್ರೇಲರ್ ಹಿಂದಿನಿಂದ ನೂಕುತ್ತದಲ್ಲ, ಆ ನೂಕಿನ ಬಲದಿಂದಲೇ ಹಿಡಿದುಕೊಳ್ಳುವ ಹೈಡ್ರಾಲಿಕ್ ಬ್ರೇಕು ಅದು. ಕೊಂಡಿಯ ಜಾರುಭಾಗ ತುಕ್ಕು ಹಿಡಿದು ಅಂಟಿಕೊಂಡಿತ್ತು, ಸುತ್ತಿಗೆಯಿಂದ ಬಡಿದರೂ ಕದಲಲಿಲ್ಲ. ಇಷ್ಟರ ಮೇಲೆ ಇಡೀ ಚೌಕಟ್ಟಿಗೆ ಹೊಸ ಕಪ್ಪು ಬಣ್ಣ. ಹೊಸ ಬಣ್ಣ ಕಂಡರೆ ನನ್ನ ಕೈ ತಾನಾಗಿಯೇ ಸುತ್ತಿಗೆಗೆ ಹೋಗುತ್ತದೆ. ಪೆಟ್ಟಿಗೆಯಾಕಾರದ ಕಬ್ಬಿಣದ ಕೊಳವೆ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಬಳಿದ ಬಣ್ಣಕ್ಕೆ ಅದು ಗೊತ್ತೇ ಆಗುವುದಿಲ್ಲ. ಚಕ್ರದ ಅಚ್ಚಿನ ಹತ್ತಿರ ಎರಡು ಪೆಟ್ಟು ಕೊಟ್ಟೆ. ದೀಪದ ತಂತಿ ಹೋಗುವ ತೂತಿನಿಂದ ಒಂದು ಹಿಡಿ ತುಕ್ಕಿನ ಹೊಟ್ಟು ನನ್ನ ಎದೆಯ ಮೇಲೆ ಉದುರಿತು. ಮಾರುವವನು ಅಂಗಿ ಕೊಡವಿಕೊಳ್ಳಲು ಬಟ್ಟೆ ತಂದುಕೊಟ್ಟ. ಮರ್ಯಾದಸ್ಥ.

ಇನ್ನು ತೂಕ. ಟ್ರೇಲರ್‌ನ ಫಲಕದಲ್ಲಿ ಗರಿಷ್ಠ 3,200 ಕಿಲೋ ಎಂದಿತ್ತು. ಬೋಟಿನ ಪುಸ್ತಕದಲ್ಲಿ 2,450 ಕಿಲೋ. “ಇನ್ನೂ 750 ಉಳಿಯಿತಲ್ಲ, ಮಾವ” ಎಂದ ಹುಡುಗ. ಫಲಕದ 3,200ರಲ್ಲಿ ಟ್ರೇಲರ್‌ನ ಸ್ವಂತ ತೂಕವೂ ಸೇರಿದೆ, ಅದೇ 700. ಪುಸ್ತಕದ 2,450 ಖಾಲಿ ಬೋಟಿನದು. 500 ಲೀಟರಿನ ಟ್ಯಾಂಕ್ ತುಂಬಿದರೆ, ಲೀಟರಿಗೆ ಮುಕ್ಕಾಲು ಕಿಲೋಗೆ ತುಸು ಕಡಿಮೆ ಎಂದು ಹಿಡಿದರೂ, ಪೆಟ್ರೋಲೇ 370 ಕಿಲೋ. ಕೂಡಿಸಿ ನೋಡಿ, 3,520. ಲಂಗರು, ಸರಪಳಿ, ಹಗ್ಗ, ಬ್ಯಾಟರಿ, ಜೀವರಕ್ಷಕ ಅಂಗಿಗಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಈ ಟ್ರೇಲರ್ ಬೇರೆ ಯಾವುದೋ ಹಗುರ ಬೋಟಿಗೆ ಹುಟ್ಟಿದ್ದು, ಆಮೇಲೆ ಇದರ ಕೆಳಗೆ ಬಂದು ಕೂತಿದೆ. ಇಂಥ ಬೋಟುಗಳಲ್ಲಿ ಭಾರವೆಲ್ಲ ಹಿಂಭಾಗದಲ್ಲಿ ಇರುವುದರಿಂದ ಇನ್ನೊಂದು ಅಪಾಯವಿದೆ. ಕೊಂಡಿಯ ಮೇಲೆ ಒಟ್ಟು ತೂಕದ ಶೇಕಡ 5ರಿಂದ 10ರಷ್ಟಾದರೂ ಕೂರಬೇಕು. ಅಚ್ಚುಗಳ ಜಾಗ ಬೋಟಿಗೆ ಹೊಂದದಿದ್ದರೆ ಮೂತಿ ಹಗುರಾಗಿ, ವೇಗ ಹೆಚ್ಚಿದಂತೆ ಟ್ರೇಲರ್ ಬಾಲ ಬೀಸತೊಡಗುತ್ತದೆ. ಅದನ್ನು ಒಮ್ಮೆ ಹಿನ್ನೋಟದ ಕನ್ನಡಿಯಲ್ಲಿ ಕಂಡವರು ಮತ್ತೆ ಮರೆಯುವುದಿಲ್ಲ.

ಆದರೆ ನಾನು ಈ ಪತ್ರಕ್ಕೆ ಕೂತದ್ದು ಟೈರಿಗಾಗಿ ಅಲ್ಲ, ಬ್ರೇಕಿಗಾಗಿಯೂ ಅಲ್ಲ. ಅವನ್ನು ದುಡ್ಡು ಕೊಟ್ಟು ಬದಲಿಸಬಹುದು. ಕೆಟ್ಟ ಟ್ರೇಲರ್ ಬೋಟಿನ ತಳವನ್ನೇ ಕೆಡಿಸುತ್ತದೆ ಎಂಬುದನ್ನು ತಮ್ಮ ಲೇಖಕರು ಬರೆಯಲೇ ಇಲ್ಲ.

ಕಡಲ ಓಟದ ಬೋಟಿನ ಮೈಮೆಯೆಲ್ಲ ಅದರ ತಳದಲ್ಲಿದೆ. 1960ರ ಮಯಾಮಿ–ನಾಸೌ ಓಟದಲ್ಲಿ ರೇ ಹಂಟ್ ವಿನ್ಯಾಸಗೊಳಿಸಿದ ‘ಮೋಪಿ’ ಎಂಬ ಬೋಟ್ ಒರಟು ಕಡಲಿನಲ್ಲಿ ಗೆದ್ದ ಮೇಲೆ ಆಳವಾದ ‘ವಿ’ ಆಕಾರದ ತಳ ಈ ಜಾತಿಯ ಬೋಟುಗಳಿಗೆಲ್ಲ ಮಾದರಿಯಾಯಿತು. ಹಿಂಬದಿಯವರೆಗೂ 24 ಡಿಗ್ರಿಯ ಆಸುಪಾಸಿನ ಓರೆ ಇರುವುದರಿಂದ ಅಲೆಯ ಮೇಲೆ ಬಿದ್ದಾಗ ಬಡಿಯದೆ ಸೀಳುತ್ತದೆ. ಆ ಓರೆ ಮುಖ ನೇರವಾಗಿಯೇ ಇರಬೇಕು. ಅದರಲ್ಲೂ ಕೊನೆಯ ನಾಲ್ಕೈದು ಅಡಿ, ಏಕೆಂದರೆ ಪೂರ್ತಿ ವೇಗದಲ್ಲಿ ಬೋಟ್ ನೀರಿಗೆ ತಾಗುವುದೇ ಅಷ್ಟರಲ್ಲಿ.

ಟ್ರೇಲರ್ ಮೇಲೆ ಬೋಟ್ ಕೂರುವುದು ಕಾರ್ಪೆಟ್ ಸುತ್ತಿದ ಉದ್ದನೆಯ ಮರದ ತೊಲೆಗಳ ಮೇಲೆ, ಅವನ್ನು ಬಂಕ್ ಎನ್ನುತ್ತೇವೆ. ಅವು ಬೋಟಿನ ಹಿಂಗೋಡೆಯ ತನಕ ತಲುಪಬೇಕು. ಇಲ್ಲಿ ಒಂದು ಗೇಣಿಗೂ ಹೆಚ್ಚು ಮೊದಲೇ ನಿಂತಿದ್ದವು. ಅಂದರೆ ಎಂಜಿನ್, ಪ್ರೊಪೆಲ್ಲರ್ ತಿರುಗಿಸಲು ಹೊರಗೆ ನೇತಾಡುವ ಡ್ರೈವ್, ಎಲ್ಲದರ ಭಾರ ಹೊತ್ತ ಹಿಂಭಾಗ ವರ್ಷಗಟ್ಟಲೆ ಆಸರೆಯಿಲ್ಲದೆ ತೂಗಿತ್ತು. ನನ್ನ ಹತ್ತಿರ ನಾಲ್ಕು ಅಡಿಯ ಅಲ್ಯೂಮಿನಿಯಂ ಪಟ್ಟಿ ಸದಾ ಇರುತ್ತದೆ. ಅದನ್ನು ಹಿಂಗೋಡೆಯ ಅಂಚಿನಿಂದ ಮುಂದಕ್ಕೆ ತಳಕ್ಕೆ ಒತ್ತಿ ಹಿಡಿದು ಹಿಂದಿನಿಂದ ಟಾರ್ಚ್ ಬಿಟ್ಟೆ. ಎರಡು ತುದಿ ತಾಗಿದ್ದವು, ನಡುವೆ ಬೆಳಕಿನ ಗೆರೆ. ಕಿರುಬೆರಳಿನ ಉಗುರು ನುಸುಳುವಷ್ಟು ಸಂದಿ. ಹುಡುಗನನ್ನು ಕೆಳಗೆ ಕರೆದು ತೋರಿಸಿದೆ. “ಇಷ್ಟೇನಾ?” ಎಂದ.

ಅಷ್ಟೇ. ಆ ಬಾಗನ್ನು ಹುಕ್ ಎನ್ನುತ್ತಾರೆ. ತಳದ ಕೊನೆ ಕೆಳಕ್ಕೆ ಬಾಗಿದಾಗ ಓಡುವ ನೀರು ಹಿಂಭಾಗವನ್ನು ಎತ್ತುತ್ತದೆ, ಮೂತಿ ಕೆಳಕ್ಕೆ ಹೋಗುತ್ತದೆ, ನೀರಿಗೆ ತಾಗುವ ಜಾಗ ಹೆಚ್ಚುತ್ತದೆ, ವೇಗ ಸೋರಿಹೋಗುತ್ತದೆ. ಎಂಜಿನ್ ಎಷ್ಟು ಕಿರುಚಿದರೂ ಮೂತಿ ಏಳುವುದಿಲ್ಲ.

ಎಂಜಿನ್ ನನ್ನ ವಿದ್ಯೆಯಲ್ಲ, ಜೊತೆಗೆ ಬಂದಿದ್ದ ಮೆಕ್ಯಾನಿಕ್ ಅದನ್ನು ನೋಡಿಕೊಂಡ. ನಾವು ತಲುಪಿದಾಗಲೇ ಎಂಜಿನ್ ಬಿಸಿಯಾಗಿತ್ತು, ಕೈಯಿಟ್ಟರೆ ಸುಡುತ್ತಿತ್ತು. “ನಿಮ್ಮ ಸಮಯ ಉಳಿಯಲೆಂದು ಮೊದಲೇ ಶುರುಮಾಡಿದೆ” ಎಂದ ಮಾರುವವನು. ಬೇರೆಯವರ ಸಮಯದ ಬಗ್ಗೆ ಇಷ್ಟು ಕಾಳಜಿ ಇರುವವರನ್ನು ಕಂಡರೆ ನನಗೆ ಭಯ. ತಣ್ಣಗಿರುವಾಗ ಶುರುವಾಗುವ ರೀತಿಯಲ್ಲೇ ಎಂಜಿನ್ನಿನ ಅರ್ಧ ಚರಿತ್ರೆ ಇದೆ. ಮಾರನೆಯ ಬೆಳಿಗ್ಗೆ ಮತ್ತೆ ಬಂದೆವು. ಎಂಟೂ ಸಿಲಿಂಡರುಗಳ ಒತ್ತಡ ಅಳೆದದ್ದಾಯಿತು, ಡ್ರೈವಿನ ಎಣ್ಣೆ ಇಳಿಸಿ ನೋಡಿದ್ದಾಯಿತು. ಎಂಜಿನ್ನಿನ ಹೊಗೆ ಸಾಗಿಸುವ, ತಣಿಸಲು ಉಪ್ಪು ನೀರು ಹರಿಯುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಯಾವಾಗ ಬದಲಿಸಿದ್ದು ಎಂದು ಕೇಳಿದರೆ ಉತ್ತರವಿಲ್ಲ. ಅದು ಒಳಗಿನಿಂದ ಕೊರೆದುಹೋದರೆ ನೀರು ನೇರ ಸಿಲಿಂಡರಿಗೆ ಇಳಿಯುತ್ತದೆ. ಹಿಂಗೋಡೆಯ ಹೊರಗೆ, ಡ್ರೈವ್ ಹಾಯುವಲ್ಲಿ ನೀರು ಒಳಬರದಂತೆ ತಡೆಯುವ ರಬ್ಬರಿನ ತೋಳು ಇರುತ್ತದೆ, ಬೆಲ್ಲೋಸ್; ಅದರ ಮಡಿಕೆಗಳಲ್ಲಿ ಬಿರುಕು. ಅದು ಹರಿದರೆ ನಿಲ್ಲಿಸಿದ ಬೋಟ್ ನಿಂತಲ್ಲೇ ಮುಳುಗಬಹುದು. ಹಿಂಗೋಡೆಯನ್ನು ಪ್ಲಾಸ್ಟಿಕ್ ಸುತ್ತಿಗೆಯಿಂದ ತಟ್ಟುತ್ತ ಹೋದಾಗ ಮೇಲ್ಭಾಗ ಟಣ್ ಎಂದಿತು, ಡ್ರೈವಿನ ಕೆಳಗೆ ಬರುತ್ತ ಹಸಿ ಹಲಗೆಯ ದಬ್ ದಬ್. ಫೈಬರ್ ಗ್ಲಾಸಿನ ನಡುವಿನ ಪ್ಲೈವುಡ್ ನೀರು ಕುಡಿದಿದೆ ಎಂದರ್ಥ.

ವೇಗದ ಮಾತು ಬಂದಾಗ ಮಾರುವವನು ಗಂಟೆಗೆ 90 ಮೈಲಿ ಎಂದ. ಹುಡುಗನ ಕಣ್ಣು ಅರಳಿತು. ಪ್ರೊಪೆಲ್ಲರ್ ಮೇಲೆ 26 ಎಂದು ಕೊರೆದಿತ್ತು. ಸ್ಕ್ರೂ ಮರದೊಳಗೆ ಇಳಿಯುವಂತೆ ಒಂದೊಂದು ಸುತ್ತಿನಲ್ಲಿ 26 ಇಂಚು ಮುಂದೆ ಹೋಗಬೇಕಾದ ರೆಕ್ಕೆ ಅದು. ಎಂಜಿನ್ ನಿಮಿಷಕ್ಕೆ 5,000 ಸುತ್ತು ತಿರುಗಿದರೆ, ಗೇರ್ ಅನುಪಾತ 1.5 ಆದ್ದರಿಂದ, ಪ್ರೊಪೆಲ್ಲರ್ ತಿರುಗುವುದು 3,333 ಸುತ್ತು. 26ರಿಂದ ಗುಣಿಸಿ, ನಿಮಿಷದ ಇಂಚುಗಳನ್ನು ಗಂಟೆಯ ಮೈಲಿಗೆ ತರಲು 1,056ರಿಂದ ಭಾಗಿಸಿ, ಗಂಟೆಗೆ 82 ಮೈಲಿ ಬರುತ್ತದೆ. ನೀರು ಮರವಲ್ಲ, ಚೆನ್ನಾಗಿ ಹೊಂದಿಸಿದ ಬೋಟಿನಲ್ಲೂ ಶೇಕಡ 10ರಷ್ಟು ಜಾರುತ್ತದೆ. ಉಳಿಯಿತು 74. ಟ್ರೇಲರ್‌ನ ಫೆಂಡರ್ ಮೇಲಿನ ಧೂಳಿನಲ್ಲೇ ಬೆರಳಿನಿಂದ ಈ ಲೆಕ್ಕ ಬರೆದು ತೋರಿಸಿದೆ. “ಗಾಳಿ ಹಿಂದಿನಿಂದ ಇದ್ದಾಗ ಹೇಳಿದ್ದು” ಎಂದ.

ನೀರಿನಲ್ಲಿ ಓಡಿಸಿ ನೋಡಿದಾಗ ಜಿಪಿಎಸ್ 61 ತೋರಿಸಿತು. ಡ್ರೈವಿನ ಓರೆ ಬದಲಿಸಿ ಮೂತಿ ಏಳಿಸುವ ಟ್ರಿಮ್ ಎಷ್ಟು ಎತ್ತಿದರೂ ಮೂತಿ ನೀರಿಗೆ ಅಂಟಿಕೊಂಡೇ ಇತ್ತು. ಎಂಜಿನ್ ನಿಲ್ಲಿಸುವ ಸುರಕ್ಷಾ ಹಗ್ಗವನ್ನು ಮಾರುವವನು ಕಟ್ಟಿಕೊಂಡಿರಲಿಲ್ಲ, ನಾನು ಕಟ್ಟಿಸಿದೆ. ಆ ವೇಗದಲ್ಲಿ ಚಾಲಕ ಹೊರಗೆ ಬಿದ್ದರೆ ಖಾಲಿ ಬೋಟ್ ಅವನನ್ನೇ ಸುತ್ತಲು ತೊಡಗಬಹುದು.

ಹಿಂತಿರುಗಿದ ಮೇಲೆ ಕಾಗದ ಕೇಳಿದೆವು. ಹಿಂಗೋಡೆಯ ಬಲ ಮೂಲೆಯಲ್ಲಿ ಕೊರೆದ ಬೋಟಿನ 12 ಅಕ್ಷರ-ಅಂಕಿಗಳ ಗುರುತು ಪತ್ರದೊಂದಿಗೆ ತಾಳೆಯಾಯಿತು. ಟ್ರೇಲರ್‌ನ ಚಾಸಿ ಸಂಖ್ಯೆ ಇರಬೇಕಾದ ಜಾಗದ ಮೇಲೆ ಆ ಹೊಸ ಕಪ್ಪು ಬಣ್ಣ ದಪ್ಪಗೆ ಕೂತಿತ್ತು. ಅದಕ್ಕೆ ಬೇರೆ ಕಾಗದ ಬೇಕೆಂದರೆ, “ಪುಕ್ಕಟೆ ಕೊಡುವುದಕ್ಕೆ ಕಾಗದವೇಕೆ?” ಎಂದ. ಹುಡುಗ ನನ್ನ ಮುಖ ನೋಡಿದ. ಇಬ್ಬರೂ ಗಾಡಿ ಹತ್ತಿದೆವು.

ಬರುವ ಪುರವಣಿಯಲ್ಲಿ ಇದೇ ವಿಷಯ ಮುಂದುವರಿಯುವುದಾದರೆ, ದಯವಿಟ್ಟು ಅಲೆ ಸೀಳುವ ಬೋಟಿನ ಚಿತ್ರದ ಪಕ್ಕದಲ್ಲಿ ಟ್ರೇಲರ್‌ನ ಅಡಿಭಾಗದ್ದೊಂದು ಚಿತ್ರ ಹಾಕಿಸಿ. ಬೋಟ್ ಕಟ್ಟಿದ ಸಂಸ್ಥೆಗೂ ತಮ್ಮ ಲೇಖಕರಿಗೂ ಸಂಬಂಧವಿಲ್ಲದ, ಬೋಟ್ ಪರೀಕ್ಷಿಸುವ ಒಬ್ಬ ಸರ್ವೇಯರ್ ಕೈಯಲ್ಲಿ ಅದರ ಕೆಳಗೆ ನಾಲ್ಕು ಸಾಲು ಬರೆಸಿ. ಹುಡುಗ ಇನ್ನೂ ಬೋಟ್ ಕೊಂಡಿಲ್ಲ. ಮೊನ್ನೆ ಮತ್ತೊಂದರ ಫೋಟೋಗಳನ್ನು ಕಳಿಸಿದ್ದ, ಒಟ್ಟು ಒಂಬತ್ತು. ಆರು ಚಿತ್ರ ಬಂಕುಗಳ ತುದಿಯದು, ಎರಡು ಟೈರಿನ ಅಂಕಿಯದು. ಬೋಟ್ ಯಾವ ಬಣ್ಣದ್ದೆಂದು ನಾನೇ ಕೇಳಬೇಕಾಯಿತು.

ಇಂತಿ,
ಒಬ್ಬ ನಿವೃತ್ತ ಬೆಸುಗೆಗಾರ